ಅಕ್ಕ ಹಾರಿದ ಸೋಮವಾರ

ನಾನು ಚಿಕ್ಕವನಿದ್ದಾಗ ಮರಾಠಿ ಸೀಮೆಯ ಕಲ್ಯಾಣದಲ್ಲಿ ನಮ್ಮದೊಂದು ಸಣ್ಣ ಹೋಟೆಲು ಇತ್ತು. ಸೋಮವಾರ ಅದಕ್ಕೆ ರಜೆ. ಇಡ್ಲಿ ಬೇಯಿಸುವ ದೊಡ್ಡ ತಾಮ್ರದ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಹಿತ್ತಲಿನ ಕಟ್ಟೆಯ ಮೇಲೆ ಕವುಚಿ ಇಡುತ್ತಿದ್ದರು. ವಾರವಿಡೀ ಬೆಂದ ಹಂಡೆಗೂ ಒಂದು ದಿನ ವಿಶ್ರಾಂತಿ ಬೇಕು ಎನ್ನುವುದು ಅಪ್ಪನ ನೇಮ. ಅಂದು ಅದರ ಕೆಳಗೆ ಯಾರೂ ಬೆಂಕಿ ಹಚ್ಚುವಂತಿರಲಿಲ್ಲ. ಆ ಸೋಮವಾರ ಬೆಳಿಗ್ಗೆಯವರೆಗೂ ನಮ್ಮ ಮನೆ ಎಲ್ಲರ ಮನೆಯ ಹಾಗೇ ಇತ್ತು. ಅಮ್ಮ ಅಕ್ಕನ ತಲೆಗೆ ಎಣ್ಣೆ ಹಚ್ಚಿದ್ದಳು. ಅಪ್ಪ ಯಾರನ್ನೋ ನೋಡಲು ರೈಲು ಹಿಡಿದು ಠಾಣೆ ಊರಿಗೆ ಹೊರಟಿದ್ದರು.

ಅವರು ಹೋದ ಮೇಲೆ ಚಿಕ್ಕಪ್ಪ ಕ್ಯಾಮೆರಾ ತಂದ. ಅಪ್ಪನ ತಮ್ಮನಾದ ಅವನು ಮೊದಲು ನಮ್ಮ ಹೋಟೆಲಿನಲ್ಲೇ ಚಹಾ ಮಾಡುತ್ತಿದ್ದವನು. ಆಮೇಲೆ ಸಿನಿಮಾದವರ ಜೊತೆ ಸೇರಿ ಇಲ್ಲದ್ದನ್ನು ಇದ್ದಂತೆ ತೋರಿಸುವ ವಿದ್ಯೆ ಕಲಿತಿದ್ದ. ಈಗ ತಾನೇ ನಿರ್ದೇಶಕನಾಗಬೇಕೆಂದು ಹೊರಟಿದ್ದ. ಮೋಡದ ನಡುವೆ ಹುಡುಗಿಯೊಬ್ಬಳು ಹಾರುವ ತುಣುಕನ್ನು ತೋರಿಸಿದರೆ, ಹಣ ಹಾಕುವವರು ಒಪ್ಪುತ್ತಾರೆ ಎಂದಿದ್ದ. ಆ ಹುಡುಗಿ ನಾನೇ ಆಗುತ್ತೇನೆಂದು ಅಕ್ಕ ವಾರದಿಂದ ಅವನ ಬೆನ್ನು ಹತ್ತಿದ್ದಳು.

ಹಿತ್ತಲಿನ ಗೋಡೆಗೆಲ್ಲ ಕಪ್ಪು ಬಟ್ಟೆ ಕಟ್ಟಿದರು. ಬೆಂಚಿಗೂ ಕಪ್ಪು ಬಟ್ಟೆ ಹೊದಿಸಿದರು. ಬಿಳಿ ಲಂಗ ಉಟ್ಟ ಅಕ್ಕ ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೈ ಬೀಸಿದಳು. ಕಪ್ಪು ಬಟ್ಟೆ ಸಿನಿಮಾದಲ್ಲಿ ಕಾಣುವುದಿಲ್ಲವಂತೆ, ಬಿಳಿ ಅಕ್ಕ ಮಾತ್ರ ಕಾಣುತ್ತಾಳಂತೆ.

“ಕಾಲು ಮಡಚಬೇಡ! ಖಾಡಿಯ ಹಿನ್ನೀರಿನ ಮೇಲೆ ಕೊಕ್ಕರೆ ಹಾರುವುದು ನೋಡಿಲ್ವಾ? ಕಾಲು ಹಿಂದಕ್ಕೆ ಚಾಚು!” ಎಂದು ಚಿಕ್ಕಪ್ಪ ಕೂಗಿದ.

“ಚಾಚಿದ್ದೇನೆ! ನಿನಗೇ ಕಣ್ಣು ಕಾಣುವುದಿಲ್ಲ,” ಎಂದು ಅಕ್ಕ ನಕ್ಕಳು. ನನಗೆ ಬೆಂಚಿನ ಮೇಲೆ ಈಜುತ್ತಿದ್ದ ಅಕ್ಕ ಮಾತ್ರ ಕಂಡಳು. ಹಾರುವವಳು ಕ್ಯಾಮೆರಾದ ಒಳಗಿದ್ದಳು.

ಆಮೇಲೆ ಚಿಕ್ಕಪ್ಪ ಅದೇ ರೀಲನ್ನು ಹಿಂದಕ್ಕೆ ಸುತ್ತಿದ. ಅದರ ಮೇಲೆಯೇ ಈಗ ಮೋಡ ಹಿಡಿಯಬೇಕಿತ್ತು. ಅದಕ್ಕಾಗಿ ಹಂಡೆಗೆ ನೀರು ಹೊಯ್ದು ಬೆಂಕಿ ಹಚ್ಚಿದ. ಕಪ್ಪು ಬಟ್ಟೆಯ ಮುಂದೆ ಹಬೆ ಸುರುಳಿ ಸುರುಳಿಯಾಗಿ ಎದ್ದಿತು. ಎಷ್ಟು ತಿಕ್ಕಿದರೂ ಹೋಗದ ಇಡ್ಲಿಹಿಟ್ಟಿನ ಹುಳಿ ವಾಸನೆ ಹಿತ್ತಲೆಲ್ಲ ತುಂಬಿತು.

ಆಗಲೇ ಅಪ್ಪ ಬಂದುಬಿಟ್ಟರು. ಅವರು ನೋಡಲು ಹೋದವರು ಮನೆಯಲ್ಲಿರಲಿಲ್ಲವಂತೆ.

“ಸೋಮವಾರ ಹಂಡೆಗೆ ಬೆಂಕಿ ಹಚ್ಚಿದ್ದು ಯಾರು?” ಎಂದರು. ಆಮೇಲೆ ಕೂದಲು ಬಿಚ್ಚಿದ ಅಕ್ಕನನ್ನು ಕಂಡರು. “ಇವಳನ್ನೂ ಕುಣಿಸಿದೆಯಾ? ಊರವರು ದುಡ್ಡು ಕೊಟ್ಟು ನೋಡಲಿಕ್ಕೆ ನನ್ನ ಮಗಳೇ ಬೇಕಿತ್ತಾ? ನಾಳೆ ಇವಳನ್ನು ಯಾರು ಮದುವೆ ಆಗ್ತಾರೆ?”

“ಕುಣಿಸಲಿಲ್ಲ ಅಣ್ಣಾ, ಹಾರಿಸಿದ್ದು.”

“ಕಳ್ಳವಿದ್ಯೆ! ಉಂಡ ಮನೆಯ ಮರ್ಯಾದೆ ತೆಗೆಯುವ ವಿದ್ಯೆ! ಆ ಚಿತ್ರ ಇಲ್ಲಿ ಕೊಡು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ.”

“ಅಣ್ಣಾ, ಮುಟ್ಟಬೇಡ!”

ಅಷ್ಟರಲ್ಲಿ ಅಪ್ಪ, ಇಡ್ಲಿ ಬೆಂದಿತೋ ಎಂದು ಮುಚ್ಚಳ ಎತ್ತುವ ಹಾಗೆ ಕ್ಯಾಮೆರಾದ ಮುಚ್ಚಳ ಎತ್ತಿ, ರೀಲು ಹೊರಗೆಳೆದರು. ಹಂಡೆಯ ಮುಚ್ಚಳ ಎತ್ತಿದರೆ ಒಳಗಿನ ಇಡ್ಲಿ ಎಲ್ಲಿಗೂ ಹೋಗುವುದಿಲ್ಲ. ರೀಲು ಹಾಗಲ್ಲ. ಬಿಸಿಲು ಸೋಕಿದ ಕೂಡಲೇ ಅದರೊಳಗಿನದೆಲ್ಲ ಅಳಿದುಹೋಗುತ್ತದೆ. ಅಪ್ಪನಿಗೆ ಅದು ಗೊತ್ತಿರಲಿಲ್ಲ.

“ಹೋಯ್ತು,” ಎಂದ ಚಿಕ್ಕಪ್ಪ.

“ಚಿಕ್ಕಪ್ಪ, ನಾನು ಹಾರಿದ್ದು?” ಎಂದು ಅಕ್ಕ ಕೇಳಿದಳು. ಅವನು ಅವಳ ಮುಖ ನೋಡಲಿಲ್ಲ. ಕ್ಯಾಮೆರಾ ಎತ್ತಿಕೊಂಡು, “ಈ ಮನೆಯ ನೀರೂ ಬೇಡ ನನಗೆ,” ಎಂದು ರೈಲು ಸ್ಟೇಷನ್ನಿನ ಕಡೆ ನಡೆದ. ಅಪ್ಪ ಹಂಡೆಯ ನೀರನ್ನು ಬೆಂಕಿಗೆ ಸುರಿದರು.

ಚಿಕ್ಕಪ್ಪ ದೊಡ್ಡ ನಿರ್ದೇಶಕನಾದ. ಅವನ ಸಿನಿಮಾಗಳಲ್ಲಿ ಬೆಟ್ಟ ನಡೆಯುತ್ತಿತ್ತು, ಕಡಲು ಎರಡಾಗುತ್ತಿತ್ತು. ಒಂದೊಂದು ಸಿನಿಮಾದಲ್ಲೂ ಒಬ್ಬಳು ಹುಡುಗಿ ಮೋಡದಲ್ಲಿ ಹಾರುತ್ತಿದ್ದಳು. ಕಲ್ಯಾಣದ ಗೋಡೆಗಳ ಮೇಲೆ ಅವನ ಪೋಸ್ಟರ್ ಅಂಟಿಸಿದಾಗಲೆಲ್ಲ ಅಪ್ಪ ಬೇರೆ ಗಲ್ಲಿ ಹಿಡಿಯುತ್ತಿದ್ದರು. ಅಕ್ಕ ಮಾತ್ರ ಮದುವೆಯಾದ ಮೇಲೆ ಎಲ್ಲವನ್ನೂ ನೋಡಿದಳು. ಥಿಯೇಟರಿನ ಕತ್ತಲೆಯಲ್ಲಿ ನನ್ನ ತೋಳು ಚಿವುಟಿ, “ನೋಡು, ಕಾಲು ಮಡಚಿದ್ದಾಳೆ. ನಾನು ಮಡಚಿರಲಿಲ್ಲ,” ಎನ್ನುತ್ತಿದ್ದಳು.

ಹಾಳಾದದ್ದು ಒಂದು ರೀಲು. ಇನ್ನೊಂದು ಸೋಮವಾರ ಮತ್ತೆ ತೆಗೆಯಬಹುದಿತ್ತು. ಅಪ್ಪ ಕರೆಯಲಿಲ್ಲ. ಚಿಕ್ಕಪ್ಪ ಬರಲಿಲ್ಲ, ಅಕ್ಕನ ಮದುವೆಗೂ ಬರಲಿಲ್ಲ. ಅವರಿಬ್ಬರೂ ಈಗಿಲ್ಲ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನನಗೆ ಇಬ್ಬರ ಮೇಲೂ ಇದೆ.

ಮಕ್ಕಳೇ, ಕಳೆದ ಮಳೆಗಾಲದಲ್ಲಿ ಅಕ್ಕನೂ ಹೋದಳು. ಡೊಂಬಿವಲಿಯ ಈ ಮನೆಯಲ್ಲಿ ಯಾರನ್ನಾದರೂ ಹಾರಿಸಲು ನಿಮಗೆ ಕಪ್ಪು ಬಟ್ಟೆ ಬೇಡ, ಹಂಡೆ ಬೇಡ, ಯಾರ ಅಪ್ಪಣೆಯೂ ಬೇಡ. ಮೊನ್ನೆ ನಿಮ್ಮಲ್ಲೊಬ್ಬಳು ಅಕ್ಕನ ಹಳೆಯ ಫೋಟೊ ಒಂದನ್ನು ಮೊಬೈಲಿಗೆ ಹಾಕಿ, ಕೂತಲ್ಲೇ ಏನೋ ಒತ್ತಿ, “ಅಜ್ಜಾ, ದೇಖೋ ನಾ! ದೊಡ್ಡಜ್ಜಿ ಉಡ್ ರಹೀ ಹೈ!” ಎಂದು ಓಡಿಬಂದಳು. ಅಕ್ಕ ಹಾರುತ್ತಿದ್ದ ಮೋಡ ಚೆನ್ನಾಗಿತ್ತು. ಮುಖವೂ ಅಕ್ಕನದೇ. ಮೊಮ್ಮಗಳ ಪ್ರೀತಿಗೆ ನಾನು ಅವಳ ತಲೆ ಸವರಿದೆ.

ಮೊಬೈಲಿನ ಅಕ್ಕ ಕಾಲು ಮಡಚಿಕೊಂಡು ಹಾರುತ್ತಿದ್ದಳು. ಕಾಲು ಚಾಚಿ ಹಾರಿದ ಅಕ್ಕನ ಚಿತ್ರ ನಮ್ಮಲ್ಲಿ ಇಲ್ಲ.