ಜುಟ್ಟಿನ ಕಾಯಿ ಮತ್ತು ಮೂವರು ತೀರ್ಪುಗಾರರು

ಬಾಕ್ಸಿಂಗಿನಲ್ಲಿ ನಡೆದಷ್ಟು ಮೋಸ ಬೇರಾವ ಆಟದಲ್ಲೂ ನಡೆದಿಲ್ಲ ಎಂದು ನಾನು ಯಾರ ಜೊತೆ ಬೇಕಾದರೂ ವಾದಕ್ಕೆ ನಿಲ್ಲುತ್ತೇನೆ. ತಿಪಟೂರಿನಲ್ಲಿ ನನ್ನದು ಬೋರ್‌ವೆಲ್ ಮೋಟರ್‌ಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಮೋಟರ್ ಸುಟ್ಟುಕೊಂಡು ಬಂದವರು ಅದು ರಿಪೇರಿಯಾಗುವ ತನಕ ಎಲ್ಲಿಗೂ ಹೋಗುವಂತಿಲ್ಲ. ಹಾಗಾಗಿ ನನಗೆ ಕೇಳುಗರ ಕೊರತೆ ಯಾವತ್ತೂ ಆಗಿಲ್ಲ. ತಂತಿ ಸುತ್ತುತ್ತಲೇ ಶುರು ಮಾಡುತ್ತೇನೆ. ಜೂಜುಕೋರರಿಂದ ದುಡ್ಡು ತಿಂದು, ಗಾಳಿ ತಾಗಿದರೂ ಸಾಕು ಎಂಬಂತೆ ಮಕಾಡೆ ಬಿದ್ದವರ ಕಥೆ. ಗ್ಲೌಸಿನೊಳಗಿನ ಮೆತ್ತೆ ಕಿತ್ತು ಬರೀ ಚರ್ಮದಲ್ಲಿ ಎದುರಾಳಿಯ ಮುಖ ಜಜ್ಜಿದವರ ಕಥೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತೀರ್ಪುಗಾರರ ಕಥೆ. ಮೂರು ರೌಂಡೂ ಬಾರಿಸಿದವನು ಸೋತ, ಆಟ ನಡೆಸಿದ ಊರಿನವನು ಗೆದ್ದ. ಯಾಕೆಂದರೆ ಹಿಂದಿನ ದಿನ ಯಾರೋ ತೀರ್ಪುಗಾರರನ್ನು ಕರೆದು ಔತಣ ಹಾಕಿದ್ದರು.

“ಊಟ ಹಾಕಿದ್ರೆ ತೀರ್ಪು ತಿರುಗುತ್ತಾ?” ಎಂದು ಹೊನ್ನವಳ್ಳಿಯ ಗಿರಾಕಿಯೊಬ್ಬರು ಕೇಳಿದ್ದರು.

“ಊಟ ಒಳಗೋದ್ರೆ ಕೈ ತಾನಾಗೇ ಆ ಕಡೆ ವಾಲುತ್ತೆ ಕಣ್ರೀ,” ಎಂದೆ. ಅವರು ತಲೆಯಾಡಿಸಿದರು. ಅವರ ಮೋಟರ್ ಇನ್ನೂ ನನ್ನ ಕೈಯಲ್ಲಿತ್ತು, ಆಡಿಸದೆ ಏನು ಮಾಡಿಯಾರು?

ಈ ಕಥೆಗಳನ್ನೆಲ್ಲ ಅತಿ ಹೆಚ್ಚು ಕೇಳಿಸಿಕೊಂಡವಳು ನನ್ನ ಅಕ್ಕನ ಮಗಳು. ಕಾಲೇಜಿಗಾಗಿ ನಮ್ಮ ಮನೆಯಲ್ಲೇ ಇರುತ್ತಾಳೆ. ಅವಳಿಗೆ ಬಾಕ್ಸಿಂಗ್ ಹತ್ತಿಸಿದ್ದು ನಾನಲ್ಲ, ನಮ್ಮ ಅಂಗಡಿ ಪಕ್ಕದ ಬೈಕ್ ಮೆಕ್ಯಾನಿಕ್ ಸಾಬರು. ಪ್ರಾಯದಲ್ಲಿ ಅವರು ಒಳ್ಳೆಯ ಬಾಕ್ಸರು. ಖಾಲಿ ಬಿದ್ದಿದ್ದ ಕೊಬ್ಬರಿ ಗೋಡೌನಿನ ತೊಲೆಗೆ ತೆಂಗಿನ ನಾರು ತುಂಬಿದ ಗೋಣಿಚೀಲ ನೇತುಹಾಕಿ, ಮೇಲೆ ಹಳೇ ಟ್ಯೂಬು ಸುತ್ತಿ, ಸಂಜೆ ಹೊತ್ತು ಆರೆಂಟು ಮಕ್ಕಳಿಗೆ ಹೇಳಿಕೊಡುತ್ತಾರೆ. ಅವಳು ಆ ಚೀಲಕ್ಕೆ ಗುದ್ದುವಾಗ ನಾನು ಅಲ್ಲೇ ಸ್ಟೂಲ್ ಹಾಕಿಕೊಂಡು ಜಗತ್ತಿನ ಹಗರಣಗಳನ್ನು ಒಂದೊಂದಾಗಿ ಬಿಡಿಸಿಡುತ್ತಿದ್ದೆ.

ಒಂದು ಸಂಜೆ ಅವಳು ಗುದ್ದುವುದನ್ನು ನಿಲ್ಲಿಸಿ ಕೇಳಿದಳು. “ಮಾವ, ನೆಟ್ಟಗೆ ತೀರ್ಪು ಕೊಟ್ಟೋರು ಒಬ್ರೂ ಇಲ್ವಾ? ಅಂಥದ್ದೊಂದು ಕಥೆ ಹೇಳು.”

ನಾನು ಎಷ್ಟು ತಡಕಾಡಿದರೂ ಒಂದೂ ಸಿಗಲಿಲ್ಲ. “ಅಂಥವನ್ನ ಯಾರೂ ಹೇಳಲ್ಲ ಕಣೇ,” ಎಂದು ಮಾತು ಮರೆಸಿದೆ. ಸಾಬರು ಮೀಸೆಯಡಿ ನಕ್ಕರು.

ಕಳೆದ ವರ್ಷ ನಮ್ಮೂರಿನ ಕಲ್ಯಾಣ ಮಂಟಪದಲ್ಲೇ ರಾಜ್ಯಮಟ್ಟಕ್ಕೆ ಹುಡುಗಿಯರ ಆಯ್ಕೆ ಏರ್ಪಾಡಾಯಿತು. ಅವಳ ತೂಕದಲ್ಲಿ ಗೆದ್ದ ಒಬ್ಬಳಿಗೆ ಮಾತ್ರ ಅವಕಾಶ. “ಈ ಸಲ ಗೆಲ್ದೆ ಹೋದ್ರೆ ಗುದ್ದಾಟ ಎಲ್ಲ ಬುಡು, ಸುಮ್ನೆ ಓದ್ಕೋ,” ಎಂದು ಅಕ್ಕ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದಳು. ಹುಡುಗಿ ಅದಕ್ಕೆ ಒಪ್ಪಿಯೂ ಇದ್ದಳು. ಫೈನಲ್ಲಿಗೆ ಎದುರಾದವಳು ಕೋಲಾರದ ಕಡೆಯ ಹುಡುಗಿ, ಉದ್ದ ಕೈಯವಳು.

ಈಗ ನಮ್ಮಮ್ಮನ ವಿಷಯ ಹೇಳಬೇಕು. ಅವಳು ಬಿಳಿಗೆರೆಯ ತೋಟದ ಮನೆ ಬಿಟ್ಟು ಕದಲುವವಳಲ್ಲ. ನಮ್ಮ ನೆಲಕ್ಕೆ ಕಾಲಿಟ್ಟವರು ತೆಂಗಿನಕಾಯಿ ಇಲ್ಲದೆ ವಾಪಸ್ ಹೋಗಬಾರದು ಎಂಬುದು ಅವಳ ಕಾನೂನು. ಹಸು ನೋಡಲು ಬಂದ ಡಾಕ್ಟರಿಗೆ ಕಾಯಿ, ಜಮೀನು ಅಳೆಯಲು ಬಂದ ಸರ್ವೆಯವರಿಗೆ ಕಾಯಿ. ಒಮ್ಮೆ ನಮ್ಮ ಮನೆಯ ಕರೆಂಟು ಕಟ್ ಮಾಡಲು ಬಂದವನಿಗೂ ಎರಡು ಕಾಯಿ ಕೊಟ್ಟಳು. ಅವನು ಅವನ್ನು ಹಿಡಿದುಕೊಂಡು ಕಂಬ ಹತ್ತುವುದು ಹೇಗೆಂದು ತಿಳಿಯದೆ ನಿಂತಿದ್ದ. ಕಾಯಿ ಸುಲಿದು ಜುಟ್ಟು ಮಾತ್ರ ಬಿಟ್ಟಿರಬೇಕು. ಜುಟ್ಟಿಲ್ಲದ ಕಾಯಿ ಕೊಡುವುದೂ ಒಂದೇ, ಕೊಡದಿರುವುದೂ ಒಂದೇ ಎನ್ನುತ್ತಾಳೆ.

ಮೊಮ್ಮಗಳ ಆಟ ನೋಡಲು ಅಮ್ಮ ಆಟೋ ಮಾಡಿಕೊಂಡು ಬಂದಳು. ಆಟೋದ ತುಂಬ ಚೀಲಗಳು. ನಾನು ಅವನ್ನು ಗಮನಿಸಿದೆ, ಏನೂ ಅನ್ನಿಸಲಿಲ್ಲ. ನಮ್ಮ ಕಡೆ ಆಟೋದಲ್ಲಿ ಕಾಯಿ ಚೀಲ ಇಲ್ಲದಿದ್ದರೇ ಅನುಮಾನ ಪಡಬೇಕು.

ಆಟ ಶುರುವಾಯಿತು. ಮೊದಲ ರೌಂಡು ನಮ್ಮವಳದು, ಎರಡನೆಯದು ಕೋಲಾರದವಳದು. ಮೂರನೆಯದರಲ್ಲಿ ಇಬ್ಬರೂ ಸುಸ್ತಾಗಿ, ಯಾರ ಏಟು ಯಾರಿಗೆ ಬಿತ್ತೆಂದು ಗೊತ್ತಾಗದಷ್ಟು ಬಡಿದಾಡಿದರು. ನಮ್ಮವಳ ತುಟಿ ಒಡೆಯಿತು. ನಾನು ಕುರ್ಚಿಯ ಮೇಲೆ ಹತ್ತಿ ಕೂಗುತ್ತಿದ್ದೆ. ಕೊನೆಗೆ ಮೂವರಲ್ಲಿ ಇಬ್ಬರು ತೀರ್ಪುಗಾರರು ನಮ್ಮವಳ ಕಡೆ, ಒಬ್ಬರು ಕೋಲಾರದವಳ ಕಡೆ ಎಂದು ಮೈಕಿನಲ್ಲಿ ಹೇಳಿ, ರೆಫರಿ ನಮ್ಮವಳ ಕೈ ಎತ್ತಿದರು. ನಾನು ಕುರ್ಚಿಯಿಂದ ಕೆಳಗೆ ಹಾರಿದೆ.

ಅಷ್ಟರಲ್ಲಿ ಕೋಲಾರದ ಹುಡುಗಿಯ ಕೋಚು ಮೊಬೈಲ್ ಎತ್ತಿ ಹಿಡಿದುಕೊಂಡು ವೇದಿಕೆ ಹತ್ತಿದರು. ಅವರ ವಿಡಿಯೋ ಐದು ನಿಮಿಷದಲ್ಲಿ ಮಂಟಪದ ಎಲ್ಲರ ಕೈಗೂ ಬಂತು. ಆಟಕ್ಕೆ ಮುಂಚೆ ತೆಗೆದದ್ದು. ಮೂವರಲ್ಲಿ ಕನ್ನಡಕ ಹಾಕಿದ್ದ ತೀರ್ಪುಗಾರರ ಕಾರಿನ ಡಿಕ್ಕಿ ತೆರೆದಿದೆ. ಆಟೋದವನು ಒಂದು ಮೂಟೆ ತೆಂಗಿನಕಾಯಿ ಅದರೊಳಗೆ ಇಡುತ್ತಿದ್ದಾನೆ. ಪಕ್ಕದಲ್ಲಿ ನಮ್ಮಮ್ಮ, “ಇನ್ನೊಸಿ ಒಳೀಕೆ ತಳ್ಳಪ್ಪ,” ಎನ್ನುತ್ತಿದ್ದಾಳೆ. ಇವೆಲ್ಲದರ ಮೂಲೆಯಲ್ಲಿ ನನ್ನ ಬೆನ್ನು ಕಾಣುತ್ತದೆ. ರೌಂಡಿನ ಟೈಮ್ ನೋಡುವವನಿಗೆ ನಾನು ತೀರ್ಪುಗಾರರು ಔತಣ ಉಂಡ ಕಥೆ ಹೇಳುತ್ತಿದ್ದೇನೆ.

ಮಂಟಪದ ಊಟದ ಹಾಲಿನಲ್ಲಿ ವಿಚಾರಣೆ ಕೂತಿತು. ಆಯ್ಕೆಯ ಮೇಲ್ವಿಚಾರಣೆಗೆ ಬಂದಿದ್ದ ಹೆಂಗಸು ಅಮ್ಮನನ್ನು ಕರೆಸಿ, “ಇದು ನೀವೇನಾ ಅಮ್ಮ?” ಎಂದು ಮೊಬೈಲ್ ತೋರಿಸಿದರು.

“ಹೂಂ ಕಣವ್ವ, ನಾನೇ. ಚೆನ್ನಾಗಿ ಬಂದೈತೆ.”

“ಆಟಕ್ಕೆ ಮುಂಚೆ ಯಾಕೆ ಕೊಟ್ರಿ?”

“ಆಮೇಲೆ ಎಲ್ರೂ ಗಡಿಬಿಡೀಲಿ ಹೊಂಟೋಯ್ತಾರೆ. ಬಂದೋರ್ನ ಬರಿಗೈಲಿ ಕಳಿಸಿ ನಾನು ಹೆಂಗೆ ಉಣ್ಲಿ?”

“ಹಾಗಾದ್ರೆ ನಮಗೆ ಯಾಕೆ ಕೊಡಲಿಲ್ಲ?” ಎಂದರು ಕೋಲಾರದ ಕೋಚು.

“ನಿನ್ ಚೀಲ ಆಟೋದಲ್ಲೈತೆ ಕಣಪ್ಪ. ನೀವು ಬಸ್ಸಲ್ಲಿ ಬಂದೋರು, ಎಲ್ಲಿ ಇಡ್ಲಿ? ಈ ಕನ್ನಡಕದೋರ ಕಾರು ಬಾಗ್ಲಲ್ಲೇ ಇತ್ತು, ಇಟ್ಟೆ.”

ಹೋಗಿ ನೋಡಿದರೆ ನಿಜ. ಉಳಿದ ಇಬ್ಬರು ತೀರ್ಪುಗಾರರಿಗೆ, ಕೋಲಾರದವರಿಗೆ, ಮೈಕ್‌ಸೆಟ್ಟಿನವನಿಗೂ ಬೇರೆ ಬೇರೆ ಚೀಲ ಕಟ್ಟಿ ತಂದಿದ್ದಳು. ಕೋಚಿನ ಮುಖ ಸಡಿಲವಾಯಿತು, ಆದರೆ ಪಟ್ಟು ಸಡಿಲವಾಗಲಿಲ್ಲ. “ನಿಮ್ಮ ಮನಸ್ಸು ಒಳ್ಳೇದೇ ಇರಬಹುದು ಅಮ್ಮ. ಆದ್ರೆ ಮೂಟೆ ಕಾರಲ್ಲಿ ಇಟ್ಕೊಂಡು ಅವರು ತೀರ್ಪು ಕೊಟ್ಟಿದಾರೆ. ಒಂದೇ ಒಂದು ಓಟಲ್ಲಿ ನಮ್ಮ ಹುಡುಗಿ ಸೋತಿದಾಳೆ,” ಎಂದರು. ಆ ಮನುಷ್ಯ ಹೇಳುವುದು ಸರಿ ಎಂದು ನನಗೆ ಗೊತ್ತಿತ್ತು. ನನಗೆ ರೇಗಿದ್ದೇ ಅದಕ್ಕೆ.

ಅಕ್ಕನ ಮಗಳು ತುಟಿಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಕೈಗೆ ಸುತ್ತಿದ ಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ. “ಅಜ್ಜಿ ಕಾಯಿಗೆ ಗೆದ್ದಿದ್ದು ಅಂತಾದ್ರೆ ನಂಗೆ ಬೇಡ ಮೇಡಂ. ಅವಳೇ ಹೋಗ್ಲಿ,” ಎಂದಳು. ಅಮ್ಮನ ಕಣ್ಣು ತುಂಬಿದ್ದು ಆಗ. ಅಲ್ಲಿಯವರೆಗೂ ತಾನೇನು ಮಾಡಿದ್ದೇನೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಮೇಲ್ವಿಚಾರಕಿ ಮೂವರು ತೀರ್ಪುಗಾರರನ್ನೂ ನಿಲ್ಲಿಸಿ, ಯಾರು ಯಾರ ಕಡೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕೆಂದರು. ಮೊದಲನೆಯವರು ನಮ್ಮ ಹುಡುಗಿ ಎಂದರು. ಎರಡನೆಯವರೂ ನಮ್ಮ ಹುಡುಗಿ ಎಂದರು. ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು.

“ನಾನು ಕೋಲಾರದ ಹುಡುಗಿಗೆ ಕೊಟ್ಟಿದ್ದು. ಕೊನೇ ರೌಂಡಲ್ಲಿ ಈ ಹುಡುಗಿ ಎಡಗೈ ಇಳಿಸಿಬಿಟ್ಲು. ಎರಡು ಏಟು ನೇರ ಮುಖಕ್ಕೆ ಬಿತ್ತು. ನಂಗೆ ಕಂಡಿದ್ದು ಹಾಕ್ದೆ.”

ಜನರ ನಡುವಿನಿಂದ ಒಂದು ದನಿ ಎದ್ದಿತು.

“ನಮ್ ಕಾಯಿ ಇಟ್ಕೊಂಡು ನಮ್ ಹುಡುಗಿಗೇ ಹಾಕ್ಲಿಲ್ವಲ್ರೀ!”

ಯಾರಪ್ಪಾ ಇದು ಎಂದು ಎಲ್ಲರೂ ತಿರುಗಿ ನೋಡಿದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸಾಬರು ಹೆಗಲ ಮೇಲಿನ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅಮ್ಮ ಕಣ್ಣೊರೆಸಿಕೊಂಡು, “ಲೇ, ನಾಚ್ಕೆ ಆಗಲ್ವೇನ್ಲಾ ನಿಂಗೆ? ಕಾಯಿ ಕೊಟ್ಟಿದ್ದು ಮನೇಲಿ ಚಟ್ನಿ ಅರೀಲಿ ಅಂತ,” ಎಂದು ಬೈದಳು.

ಮೊದಲು ನಕ್ಕವರು ಕೋಲಾರದ ಕೋಚು. ಅವರೇ ಹೋಗಿ ಕನ್ನಡಕದವರ ಕೈ ಕುಲುಕಿದರು. ಕಾಯಿ ಸೇರಿದ ಓಟು ತಮಗೇ ಬಿದ್ದಿರುವಾಗ ಹೇಳುವುದೇನಿದೆ? ತೀರ್ಪು ಹಾಗೇ ಉಳಿಯಿತು. ಕನ್ನಡಕದವರು ಮೂಟೆಯನ್ನು ಕಾರಿನಿಂದ ಇಳಿಸಿಯೇ ಇಳಿಸಿದರು. ಅಮ್ಮನ ಮುಖ ನೋಡಲಾರದೆ ಒಂದೇ ಒಂದು ಕಾಯಿಯನ್ನು ಜುಟ್ಟು ಹಿಡಿದು ಎತ್ತಿಕೊಂಡು ಹೊರಟರು. ಹೊರಡುವ ಮುಂಚೆ ಹುಡುಗಿಯ ಎಡಗೈಯನ್ನು ಅವಳ ಕೆನ್ನೆಯ ಹತ್ತಿರ ಏರಿಸಿ ನಿಲ್ಲಿಸಿ, “ಇಲ್ಲಿರಬೇಕು,” ಎಂದರು.

ಅವಳು ನನ್ನ ಹತ್ತಿರ ಬಂದಳು. ನಕ್ಕು ನಕ್ಕು ತುಟಿಯ ಗಾಯ ಮತ್ತೆ ಬಿಚ್ಚಿಕೊಂಡಿತ್ತು. “ಮಾವ, ನೆಟ್ಟಗೆ ತೀರ್ಪು ಕೊಟ್ಟೋರ ಕಥೆ ಕೇಳಿದ್ನಲ್ಲ, ಸಿಕ್ತು ನೋಡು. ಆದ್ರೆ ಅದ್ರಲ್ಲಿ ಔತಣ ಹಾಕಿದೋರ ಕಡೆಯೋನು ನೀನೇ,” ಎಂದಳು.

ರಾಜ್ಯಮಟ್ಟದಲ್ಲಿ ಅವಳು ಎರಡನೇ ಆಟಕ್ಕೇ ಸೋತು ಬಂದಳು. ಅಕ್ಕ ಏನೂ ಅನ್ನಲಿಲ್ಲ, ಗೋಡೌನಿನ ಚೀಲ ಇನ್ನೂ ಅವಳ ಏಟು ತಿನ್ನುತ್ತಿದೆ. ಈಗ ಅಂಗಡಿಯಲ್ಲಿ ಈ ಕಥೆಯನ್ನೂ ಹೇಳುತ್ತೇನೆ. ಕನ್ನಡಕದವರು ಬಾಯಿಬಿಡುವ ಜಾಗಕ್ಕೆ ಬರುವ ಹೊತ್ತಿಗೆ ಅವಳೇನಾದರೂ ಕಾಲೇಜಿನಿಂದ ಬಂದರೆ, ಒಳಗೆ ಹೋಗದೆ ಬಾಗಿಲಲ್ಲೇ ಬ್ಯಾಗು ಇಳಿಸಿ ನಿಲ್ಲುತ್ತಾಳೆ. ಆಮೇಲೆ ಕೂಗಿದವನು ಯಾರೆಂದು ನಾನು ಹೇಳುತ್ತೇನೋ ಇಲ್ಲವೋ ಅವಳಿಗೆ ನೋಡಬೇಕಲ್ಲ.