ಆಯುಷ್ಯದ ಪುಟ

“ಇದನ್ನ ಇನ್ನೊಂದು ಸಲ ಓದ್ರಿ” ಎಂದು ಆ ಹೆಣ್ಣುಮಗಳು ಮಡಚಿ ಮಡಚಿ ಹರಿಯಲು ಬಂದಿದ್ದ ಹಾಳೆಯನ್ನು ಟೇಬಲ್ಲಿನ ಮೇಲೆ ಹರವಿದಳು. ಹೊಸಪೇಟೆಯಲ್ಲಿ ಆಗಷ್ಟೇ ಶುರುವಾಗಿದ್ದ ಕಂಪ್ಯೂಟರ್ ಜಾತಕದ ಅಂಗಡಿ ಅದು. ಮಗಳ ಜಾತಕ ತೆಗೆಸಲು ಹೋದ ನಾನು ಅವಳ ಹಿಂದೆ ನಿಂತಿದ್ದೆ.

ತಾನೇ ತೆಗೆದುಕೊಟ್ಟಿದ್ದ ಹಾಳೆಯನ್ನು ಅಂಗಡಿಯಾತ ಹುರುಪಿನಿಂದಲೇ ಓದಿದ. ಅವಳ ಗಂಡನಿಗೆ ಗಟ್ಟಿ ಆಯುಷ್ಯ, ಎಪ್ಪತ್ತೆಂಟು ದಾಟುತ್ತದೆ. ಹೆಚ್ಚಿನ ದುಡ್ಡು ಕೊಟ್ಟವರಿಗಷ್ಟೇ ಸಿಗುವ ಪುಟ ಅದು.

“ಇದನ್ನ ನಂಬಿ ಅವರನ್ನ ದವಾಖಾನಿ ಬಿಡಿಸಿ ಮನಿಗೆ ಕರ್ಕೊಂಡು ಹೋದ್ವಿ. ಹ್ವಾದ ವಾರ ಮಣ್ಣು ಮಾಡಿ ಬಂದೀವ್ರಿ.”

ಆತನ ಮುಖ ಕಪ್ಪಿಟ್ಟಿತು. “ಮಷೀನ್ ಸುಳ್ಳು ಹೇಳಲ್ಲಮ್ಮ. ಹುಟ್ಟಿದ ಟೈಮ್ ನೀವು ತಪ್ಪು ಕೊಟ್ಟಿರ್ತೀರಿ” ಎಂದ.

“ನಮ್ಮತ್ತಿ ಹೇಳಿದ್ದು ದನ ಬಿಡೋ ಹೊತ್ತು ಅಂತ. ನಾನೂ ಹಂಗ ಹೇಳಿದ್ದೆ. ಹಂಗಂದ್ರ ಮಷೀನ್ ತಗಳ್ಳಲ್ಲ ಅಂತ ಏಳೂವರಿ ಹಾಕಿದವ್ರು ನೀವ.”

ಆತ ಕೀಬೋರ್ಡ್ ಹತ್ತಿರ ಎಳೆದುಕೊಂಡ. “ಹಂಗಾರ ಏಳಕ್ಕ ಹಾಕಿ ಇನ್ನೊಂದ್ಸಲ ತೆಗೀತೀನಿ. ರೊಕ್ಕ ಬ್ಯಾಡ.”

ಅವಳು ಹಾಳೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದಳು.

“ನಿಮ್ಮದು ಹೇಳ್ರಿ, ಎಷ್ಟು ಗಂಟೆ, ಎಷ್ಟು ನಿಮಿಷ?” ಎಂದು ಆತ ನನ್ನ ಕಡೆ ತಿರುಗಿದ. ನಸುಕಿನಲ್ಲಿ ಕಬ್ಬಿನ ಗಾಡಿಗಳು ನಮ್ಮೂರು ಕಂಪ್ಲಿ ಬಿಡುವ ಹೊತ್ತಿಗೆ ಮಗಳು ಹುಟ್ಟಿದಳು ಎಂದಷ್ಟೇ ನಮ್ಮವ್ವ ಹೇಳುತ್ತಿದ್ದಳು. ಬಸ್ಸಿನಲ್ಲಿ ಕೂತು ಅದನ್ನು ನಾಲ್ಕು ಗಂಟೆ ಇಪ್ಪತ್ತು ನಿಮಿಷ ಮಾಡಿಕೊಂಡು ಬಂದವನು ನಾನೇ. ಆ ಅಂಕಿ ಬಾಯಿಗೆ ಬರಲೇ ಇಲ್ಲ.