ಸಿಸ್ಟರ್ ಬೆರಿಲ್‌ಳ ಸ್ಕಾಟಿಷ್ ಅಜ್ಜ

ಬ್ರಿಟಿಷರ ಕಾಲದಲ್ಲಿ ಬಂಗಾಳದ ಒಂದು ಜಂಕ್ಷನ್ನಿನ ರೈಲ್ವೆ ಆಸ್ಪತ್ರೆಯಲ್ಲಿ ಆಂಗ್ಲೋ-ಇಂಡಿಯನ್ ನರ್ಸ್ ಸಿಸ್ಟರ್ ಬೆರಿಲ್ ರೆಬೇರೊ ನಡೆದದ್ದನ್ನು ಕಂಡವರಿಲ್ಲ. ಆಕೆ ಓಡುತ್ತಿದ್ದಳು, ಗಂಜಿ ಹಾಕಿದ ಟೋಪಿ ಹಿಂದಿನಿಂದ ಓಡಿಬರುತ್ತಿತ್ತು. ಮೈ ಕಪ್ಪಾದೀತೆಂದು ಅಂಗಳ ದಾಟಲೂ ಕೊಡೆ ಬೇಕು. ರೋಗಿಯ ಬಾಯಿಗೆ ಥರ್ಮಾಮೀಟರ್ ಇಟ್ಟೇ ಕತೆ ಶುರುಮಾಡುವಳು, ಅವನು ಎದುರಾಡುವಂತಿಲ್ಲವಲ್ಲ: "ನಮ್ಮಜ್ಜ ಸ್ಕಾಟ್‌ಲೆಂಡಿನವನು ಕಣಪ್ಪಾ, ಕೆಂಪು ಮೀಸೆ." ಕಾಂಪೌಂಡರ್ ಹರಾಧನ್ ಬಾಬು ಕಂಡಂತೆ ಆ ಮೀಸೆ ವರ್ಷಕ್ಕೊಂದು ಅಂಗುಲ ಬೆಳೆಯುತ್ತಿತ್ತು. ದೊರೆಗಳ ವಾರ್ಡಿನಲ್ಲಿ ಮಾತ್ರ ಆಕೆ ಅಜ್ಜನ ಸುದ್ದಿ ಎತ್ತುತ್ತಿರಲಿಲ್ಲ, ಅಲ್ಲಿಯವರು ನಗುತ್ತಿದ್ದರು. ಅಂಥವಳು, ರೈಲು ಡಬ್ಬಿ ಜೋಡಿಸುವಾಗ ನಡುವೆ ಸಿಕ್ಕಿ ಜಜ್ಜಿಹೋದ ರೈಲ್ವೆ ಕೂಲಿ ಲಖನ್ ಮಹತೋಗೆ ರಕ್ತ ಬೇಕೆಂದ ದಿನ, ಎಲ್ಲರಿಗಿಂತ ಮುಂಚೆ ತೋಳು ಚಾಚಿ ಮಲಗಿದಳು. ರಕ್ತ ಹೊಂದಿತು, ಸೀಸೆ ತುಂಬಿತು. ಬಿಳಿಯರ ರಕ್ತಕ್ಕೊಂದು ಚೀಟಿ, ನೇಟಿವರ ರಕ್ತಕ್ಕೊಂದು ಚೀಟಿ ಅಂಟಿಸಬೇಕೆಂಬುದು ಅಲ್ಲಿನ ಕಾನೂನು. ಹರಾಧನ್ ಬಾಬು ಎರಡನ್ನೂ ಹಿಡಿದು ನಿಂತರು. "ಯಾವ್ದು ಅಂಟಿಸ್ಲಿ ಸಿಸ್ಟರ್? ನಿಮ್ಮಜ್ಜ ನೋಡಿದ್ರೆ ಸ್ಕಾಟ್‌ಲೆಂಡಿನವ್ರು..." "ಅಜ್ಜನ್ನ ಆಚೆ ಇಡಿ ಬಾಬು," ಎಂದಳು ಬೆರಿಲ್, ಸೀಸೆಯನ್ನು ತಾನೇ ಎತ್ತಿಕೊಂಡು ಓಡುತ್ತ. "ಲಖನ್ ಆಗ್ಲೇ ನಮ್ಮಜ್ಜನಿಗಿಂತ ಬೆಳ್ಳಗಾಗ್ತಿದಾನೆ."